ಮನೆಯ ಬಡಗಿ ಕೆಲಸ: ಧೂಳು ಹೀರುವ ಯಂತ್ರದ ಆಯ್ಕೆ

ಯಾದಗಿರಿ, ಶಹಾಪುರ, ಸುರಪುರ ತಾಲ್ಲೂಕುಗಳಲ್ಲಿ ಮನೆಯಲ್ಲಿಯೇ ಕೆಲಸ ಮಾಡುವ ಬಡಗಿಗಳ ಧೂಳು ಮಕ್ಕಳ ಉಸಿರಿಗೂ ಸೇರುತ್ತದೆ. ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯು 1995ರಲ್ಲಿಯೇ ಮರದ ಧೂಳನ್ನು ಕ್ಯಾನ್ಸರ್‌ಕಾರಕವೆಂದು ವರ್ಗೀಕರಿಸಿದೆ. ಹೊಟ್ಟು ನೆಲಕ್ಕೆ ಬೀಳುತ್ತದೆ. ಶ್ವಾಸಕೋಶಕ್ಕೆ ಇಳಿಯುವುದು ಮರ ಉಜ್ಜುವಾಗ ಏಳುವ, ಕಣ್ಣಿಗೆ ಕಾಣದ ಸಣ್ಣ ಧೂಳು. ಆದುದರಿಂದ ಯಂತ್ರ ಕೊಳ್ಳುವಾಗ ಮೋಟಾರಿನ ಅಶ್ವಶಕ್ತಿಗಿಂತ ಮೊದಲು ಸೋಸುವ ಚೀಲವನ್ನು ನೋಡತಕ್ಕದ್ದು. ಸಾಧಾರಣ ಬಟ್ಟೆಯ ಚೀಲವು ಸಣ್ಣ ಧೂಳನ್ನು ಮರಳಿ ಕೋಣೆಗೇ ಬಿಡುತ್ತದೆ; ಅಂಥದನ್ನು ಗೋಡೆಯ ಹೊರಗೆ, ಮನೆಬಾಗಿಲಿನಿಂದ ದೂರ ಇರಿಸುವುದು ಲೇಸು. ಉಜ್ಜುವ ಯಂತ್ರಕ್ಕೆ ಸಣ್ಣ ಕೊಳವೆಯ ವ್ಯಾಕ್ಯೂಮ್ ಸಾಕು. ರಂದಾ ಯಂತ್ರಕ್ಕೆ ಅಗಲವಾದ ಕೊಳವೆ ಬೇಕು. ಒಣ ಧೂಳನ್ನು ಕಸಬರಿಗೆಯಿಂದ ಗುಡಿಸಿದರೆ ಅದು ಮತ್ತೆ ಮೇಲೇಳುತ್ತದೆ. ಪಿಎಂ ವಿಶ್ವಕರ್ಮ ಯೋಜನೆಯ ಅರ್ಜಿಗಳ ಮೊದಲ ಪರಿಶೀಲನೆ ಗ್ರಾಮ ಪಂಚಾಯಿತಿಯದೇ ಆಗಿರುವುದರಿಂದ, ಸದಸ್ಯರು ಬಡಗಿಯ ಕೆಲಸದ ಸ್ಥಳವನ್ನು ಖುದ್ದಾಗಿ ನೋಡಿ ಈ ವಿಷಯ ತಿಳಿಸತಕ್ಕದ್ದು.