ಸ್ವಾಧ್ಯಾಯವೂ ಗ್ರಂಥಪರಿಗ್ರಹವೂ

ಗೃಹಸ್ಥನು ಪ್ರತಿದಿನವೂ ಆಚರಿಸಬೇಕಾದ ಆರು ಕರ್ಮಗಳಲ್ಲಿ ದೇವಪೂಜೆ ಹಾಗೂ ಗುರೂಪಾಸ್ತಿಗಳ ತರುವಾಯ ಸ್ವಾಧ್ಯಾಯವನ್ನು ಹೇಳಿದೆ. ಸಂಯಮ, ತಪಸ್ಸು ಮತ್ತು ದಾನಗಳು ಅದರ ಅನಂತರ ಬರುತ್ತವೆ. ಅತ್ತ ಶ್ರಾವಕನ ಅಣುವ್ರತಗಳಲ್ಲಿ ಐದನೆಯದು ಪರಿಗ್ರಹ ಪರಿಮಾಣ. ಒಂದು ಓದಬೇಕೆಂದು ವಿಧಿಸುತ್ತದೆ, ಇನ್ನೊಂದು ಕೂಡಿಡಬಾರದೆಂದು ತಡೆಯುತ್ತದೆ. ಇವೆರಡಕ್ಕೂ ವಿರೋಧವಿಲ್ಲವೆಂದೇ ನಾವು ಸಾಮಾನ್ಯವಾಗಿ ತಿಳಿದಿರುತ್ತೇವೆ. ಆದರೆ ಇಂದಿನ ನಮ್ಮ ಮನೆಗಳ ಪುಸ್ತಕದ ಕಪಾಟುಗಳನ್ನು ನೋಡಿದರೆ ವಿಚಾರ ಅಷ್ಟು ಸರಳವಾಗಿಲ್ಲವೆಂದು ತೋರುತ್ತದೆ. ಓದುವ ಹಂಬಲದಿಂದ ಕೊಂಡ ಪುಸ್ತಕಗಳು ಓದದೆಯೇ ಉಳಿಯುತ್ತವೆ. ಅವು ಉಳಿದಿರುವಾಗಲೇ ಇನ್ನಷ್ಟು ಬರುತ್ತವೆ. ಕ್ಷೇತ್ರಕ್ಕೆ ಹೋದಾಗ ನಾಲ್ಕು, ಪಂಚಕಲ್ಯಾಣದಲ್ಲಿ ಎರಡು, ಬಂಧುಗಳ ಮನೆಯಲ್ಲಿ ಯಾರದೋ ಸ್ಮರಣಾರ್ಥ ಹಂಚಿದ್ದೊಂದು. ಹೀಗೆ ಬೆಳೆದ ರಾಶಿಯನ್ನು ನಾವು ‘ಜಿನವಾಣಿ’ ಎಂದು ಕರೆಯುವುದರಿಂದ ಅದರ ಮೇಲೆ ಪರಿಗ್ರಹವೆಂಬ ಮಾತನ್ನು ಆಡಲು ಯಾರಿಗೂ ಧೈರ್ಯ ಬರುವುದಿಲ್ಲ.

ಮೊದಲು ಶಬ್ದವನ್ನೇ ನೋಡೋಣ. ‘ಗ್ರಂಥ’ ಎಂದರೆ ಪುಸ್ತಕ. ‘ಗ್ರಂಥ’ ಎಂದರೆ ಗಂಟು, ಪರಿಗ್ರಹ ಎಂಬ ಅರ್ಥವೂ ಇದೆ. ಎರಡನೆಯ ಅರ್ಥದಿಂದಲೇ ನಮ್ಮ ಮುನಿಗಳಿಗೆ ನಿರ್ಗ್ರಂಥರೆಂಬ ಹೆಸರು ಬಂದಿತು. ಓಲೆಗರಿಗಳನ್ನು ದಾರದಿಂದ ಪೋಣಿಸಿ ಕಟ್ಟುತ್ತಿದ್ದ ಕಾಲದಲ್ಲಿ ಈ ಎರಡು ಅರ್ಥಗಳ ನಂಟು ಕಣ್ಣಿಗೇ ಕಾಣುತ್ತಿದ್ದಿರಬೇಕು. ನಿರ್ಗ್ರಂಥರಾದ ಮುನಿಗಳಿಗೂ ಶಾಸ್ತ್ರವನ್ನು ನಿಷೇಧಿಸಿಲ್ಲ. ಸಂಯಮಕ್ಕೆ ಪಿಂಛಿ, ಶೌಚಕ್ಕೆ ಕಮಂಡಲು, ಜ್ಞಾನಕ್ಕೆ ಶಾಸ್ತ್ರ, ಹೀಗೆ ಮೂರು ಉಪಕರಣಗಳು ಅವರಿಗೆ ಸಲ್ಲುತ್ತವೆ. ಆದರೆ ಅವು ಉಪಕರಣಗಳಾಗಿರುವುದು ಅವುಗಳಲ್ಲಿ ಮಮತ್ವವಿಲ್ಲದಿರುವ ತನಕ ಮಾತ್ರ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯದಲ್ಲಿ ಪರಿಗ್ರಹದ ಲಕ್ಷಣವನ್ನು ಹೇಳುವಾಗ ಉಮಾಸ್ವಾಮಿ ಆಚಾರ್ಯರು ಯಾವ ವಸ್ತುವಿನ ಹೆಸರನ್ನೂ ಎತ್ತದೆ, ಮೂರ್ಛೆಯನ್ನೇ, ಎಂದರೆ ‘ಇದು ನನ್ನದು’ ಎಂಬ ಭಾವವನ್ನೇ ಪರಿಗ್ರಹವೆಂದರು. ಮುನಿಯ ಕೈಯಲ್ಲಿರುವ ಒಂದು ಶಾಸ್ತ್ರವೂ ಮಮತ್ವದಿಂದ ಪರಿಗ್ರಹವಾಗಬಲ್ಲುದಾದರೆ, ಗೃಹಸ್ಥನ ಕಪಾಟಿನಲ್ಲಿರುವ ಮುನ್ನೂರು ಪುಸ್ತಕಗಳಿಗೆ ಧರ್ಮಗ್ರಂಥಗಳೆಂಬ ಒಂದೇ ಕಾರಣದಿಂದ ವಿನಾಯಿತಿ ದೊರೆಯಲಾರದು. ಬಹಿರಂಗ ಪರಿಗ್ರಹದ ಹತ್ತು ಭೇದಗಳಲ್ಲಿ ಕ್ಷೇತ್ರ, ವಾಸ್ತು, ಧನ, ಧಾನ್ಯಾದಿಗಳಂತೆ ಪುಸ್ತಕದ ಹೆಸರು ಬೇರೆಯಾಗಿ ಬಂದಿಲ್ಲವೆಂಬ ವಾದವನ್ನು ಕೆಲವರು ಎತ್ತುವುದುಂಟು. ಗಡಿಯಾರದ ಹೆಸರೂ ಅಲ್ಲಿ ಬಂದಿಲ್ಲ.

ಸಮಂತಭದ್ರಸ್ವಾಮಿಗಳು ರತ್ನಕರಂಡಕ ಶ್ರಾವಕಾಚಾರದಲ್ಲಿ ಭೋಗ, ಉಪಭೋಗಗಳನ್ನು ಬೇರ್ಪಡಿಸಿದ್ದಾರೆ. ಒಮ್ಮೆ ಬಳಸಿ ಬಿಡತಕ್ಕದ್ದು ಭೋಗ, ಅನ್ನಪಾನಗಳಂತೆ. ಬಳಸಿದ ಮೇಲೂ ಮತ್ತೆ ಮತ್ತೆ ಬಳಸತಕ್ಕದ್ದು ಉಪಭೋಗ, ವಸ್ತ್ರಾಭರಣಗಳಂತೆ. ಈ ಲಕ್ಷಣಕ್ಕೆ ಪುಸ್ತಕವನ್ನು ಹೊಂದಿಸಿದರೆ ಅದು ಉಪಭೋಗದಲ್ಲಿ ಸೇರಬೇಕು. ಒಮ್ಮೆ ಓದಿದ್ದು ಮತ್ತೆ ಓದಲು ಒದಗುತ್ತದೆ, ಅಜ್ಜ ಓದಿದ್ದು ಮೊಮ್ಮಗನಿಗೂ ಒದಗುತ್ತದೆ. ಆದರೆ ಕೊಂಡು ತಂದು ಹಾಳೆಯನ್ನೂ ಬಿಡಿಸದ ಪುಸ್ತಕ ಯಾವುದರಲ್ಲಿ ಸೇರೀತು? ಅದು ಭೋಗವೂ ಅಲ್ಲ, ಉಪಭೋಗವೂ ಅಲ್ಲ. ಅಲ್ಲಿ ಉಳಿದಿರುವುದು ಸಂಗ್ರಹವೊಂದೇ.

ಅದೇ ಗ್ರಂಥದಲ್ಲಿ ಪರಿಗ್ರಹ ಪರಿಮಾಣ ವ್ರತಕ್ಕೆ ಐದು ಅತಿಚಾರಗಳನ್ನು ಹೇಳಿದೆ: ಅತಿವಾಹನ, ಅತಿಸಂಗ್ರಹ, ವಿಸ್ಮಯ, ಲೋಭ, ಅತಿಭಾರವಾಹನ. ಮೊದಲನೆಯದೂ ಕೊನೆಯದೂ ಎತ್ತು ಮೊದಲಾದ ಪ್ರಾಣಿಗಳನ್ನು ದುಡಿಸುವವರಿಗೆ ಸಂಬಂಧಿಸಿದುವು. ನಡುವಣ ಮೂರು ಪುಸ್ತಕಪ್ರಿಯರಿಗೆಂದೇ ಹೇಳಿದಂತಿವೆ. ಅತಿಸಂಗ್ರಹವನ್ನು ವಿವರಿಸಬೇಕಾಗಿಲ್ಲ. ವಿಸ್ಮಯವೆಂದರೆ ಇತರರಿಗಾದ ಲಾಭವನ್ನು ಕಂಡು ಬೆರಗಾಗಿ ಮನಸ್ಸು ಕದಡುವುದು. ಪರರ ಮನೆಯ ಗಾಜಿನ ಬೀರುವಿನಲ್ಲಿ ಸಾಲಾಗಿ ನಿಂತ ಬಂಗಾರದ ಅಕ್ಷರದ ಸಂಪುಟಗಳನ್ನು ನೋಡಿದಾಗ ಆಗುವುದು ಇದೇ. ಆ ಸಂಪುಟಗಳ ಒಳಗೇನಿದೆ ಎಂಬುದಕ್ಕಿಂತ ಅವು ತನ್ನಲ್ಲಿಲ್ಲ ಎಂಬುದು ಆಗ ಹೆಚ್ಚು ಕಾಡುತ್ತದೆ. ಇನ್ನು ಲೋಭವು ಜ್ಞಾನದ ವೇಷದಲ್ಲಿ ಬಂದಾಗ ಗುರುತಿಸುವುದು ಬಲು ಕಷ್ಟ. ‘ಮುಂದೆ ಬಿಡುವಾದಾಗ ಓದೋಣ’ ಎಂಬುದು ಅದರ ಭಾಷೆ.

ಈ ಸ್ಥಳದಲ್ಲಿ ಒಂದು ಪ್ರಬಲವಾದ ಆಕ್ಷೇಪವನ್ನು ಪರಿಶೀಲಿಸಲೇಬೇಕು. ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿದಳಲ್ಲವೆ, ಅದು ಸಂಗ್ರಹವಲ್ಲವೆ ಎಂದು ಕೇಳಬಹುದು. ರನ್ನನಿಂದ 993ರಲ್ಲಿ ಅಜಿತಪುರಾಣವನ್ನು ಬರೆಯಿಸಿದ, ಲಕ್ಕುಂಡಿಯಲ್ಲಿ ಬಸದಿಯನ್ನು ಕಟ್ಟಿಸಿದ ಆ ಮಹಾಶ್ರಾವಿಕೆಯ ಕಾಲದಲ್ಲಿ ಒಂದು ಪ್ರತಿಯೆಂದರೆ ಓಲೆಗರಿಯ ಮೇಲೆ ಒಂದೊಂದೇ ಅಕ್ಷರವಾಗಿ ಬರೆಯಬೇಕಾದ, ತಿಂಗಳುಗಟ್ಟಲೆಯ ದುಡಿಮೆ. ಸಾವಿರ ಪ್ರತಿಗಳೆಂದರೆ ಎಷ್ಟು ಲಿಪಿಕಾರರು, ಎಷ್ಟು ಓಲೆ, ಎಷ್ಟು ದ್ರವ್ಯ! ಆದರೆ ಆ ಸಾವಿರದಲ್ಲಿ ಒಂದೂ ಆಕೆಯ ಕಪಾಟಿಗಾಗಿ ಬರೆಯಿಸಿದ್ದಲ್ಲ, ಹಂಚುವುದಕ್ಕಾಗಿಯೇ ಬರೆಯಿಸಿದ್ದು. ಮೂಡಬಿದಿರೆಯ ಸಿದ್ಧಾಂತಗ್ರಂಥಗಳ ಕತೆಯೂ ಇದಕ್ಕೆ ಸಮೀಪದ್ದು. ಅಲ್ಲಿಯ ಮಹಾಬಂಧದ ಓಲೆಪ್ರತಿಯ ಪ್ರಶಸ್ತಿಯಿಂದ ತಿಳಿದುಬರುವಂತೆ, ಮಲ್ಲಿಕಬ್ಬೆ ಎಂಬ ಶ್ರಾವಿಕೆಯು ಶ್ರೀಪಂಚಮಿಯ ನೋಂಪಿಯನ್ನು ನೋಂತು, ಅದರ ಉದ್ಯಾಪನೆಗಾಗಿ ಆ ಗ್ರಂಥವನ್ನು ಬರೆಯಿಸಿ ಮಾಘನಂದಿ ಮುನಿಗಳಿಗೆ ಅರ್ಪಿಸಿದಳು. ವ್ರತವು ಮುಗಿಯುವುದು ಗ್ರಂಥವನ್ನು ಪಡೆಯುವುದರಿಂದಲ್ಲ, ಓದಬಲ್ಲವರ ಕೈಗೆ ಕೊಡುವುದರಿಂದ ಎಂಬುದನ್ನು ನಮ್ಮ ನೋಂಪಿಯ ಮನೆಗಳು ಗಮನಿಸಬೇಕು. ಶಾಸ್ತ್ರದಾನದಲ್ಲಿ ‘ದಾನ’ ಎಂಬ ಪದವಿದೆ.

ಮೂಡಬಿದಿರೆಯ ಉದಾಹರಣೆಯಲ್ಲಿ ಇನ್ನೊಂದು ಪಾಠವೂ ಇದೆ. ಷಟ್ಖಂಡಾಗಮದ ಧವಲಾದಿ ಟೀಕೆಗಳ ಪ್ರಾಚೀನ ಪ್ರತಿಗಳು ಆ ಒಂದು ಸ್ಥಳದಲ್ಲಿ ಮಾತ್ರ ಉಳಿದುಬಂದುವು. ಅವನ್ನು ಕಾಪಾಡಿದ ಪುಣ್ಯಾತ್ಮರ ಋಣ ನಮ್ಮ ಸಮಾಜದ ಮೇಲೆ ಅಪಾರವಾಗಿದೆ. ಆದರೂ ಬಹುಕಾಲ ಅವು ಯಾತ್ರಿಕರ ದರ್ಶನಕ್ಕೆ ಮಾತ್ರ ಒದಗುತ್ತಿದ್ದುವು, ಅಧ್ಯಯನಕ್ಕಲ್ಲ. ಪ್ರತಿಗಳಾಗಿ ಹೊರಬಂದು, ಡಾ. ಹೀರಾಲಾಲ ಜೈನರ ಸಂಪಾದಕತ್ವದಲ್ಲಿ 1939ರಲ್ಲಿ ಮೊದಲನೆಯ ಸಂಪುಟವೂ ಮುಂದೆ ಕ್ರಮವಾಗಿ ಒಟ್ಟು 16 ಸಂಪುಟಗಳೂ ಅಚ್ಚಾದ ಮೇಲೆಯೇ ಅವು ಮತ್ತೆ ಸ್ವಾಧ್ಯಾಯದ ಗ್ರಂಥಗಳಾದುವು. ಓಲೆಯ ಪ್ರತಿ ಒಂದೇ ಇದ್ದಾಗ ಬೀಗ ಹಾಕಿದ್ದಕ್ಕೆ ಕಾರಣವಿತ್ತು. ಅಂಗಡಿಯಲ್ಲಿ ನೂರು ಪ್ರತಿ ದೊರೆಯುವ ಪುಸ್ತಕವನ್ನು ಬೀಗ ಹಾಕಿಟ್ಟು ದೂರದಿಂದ ಕೈಮುಗಿಯುವ ನಮಗೆ ಆ ಕಾರಣವೂ ಇಲ್ಲ.

ಹಾಗಾದರೆ ಹೊಸ ಗ್ರಂಥಗಳನ್ನು ಯಾರೂ ಕೊಳ್ಳದಿದ್ದರೆ ಕನ್ನಡದಲ್ಲಿ ಜೈನಸಾಹಿತ್ಯವನ್ನು ಅಚ್ಚು ಹಾಕುವವರ ಗತಿಯೇನು? ಈ ಪ್ರಶ್ನೆ ನ್ಯಾಯವಾದುದು, ಇದನ್ನು ತಳ್ಳಿಹಾಕುವಂತಿಲ್ಲ. ಪ್ರಕಾಶಕನಿಗೆ ಬೆಲೆ ಸಲ್ಲಬೇಕು, ಪುಸ್ತಕ ಓದುವವರಿಗೆ ಸೇರಬೇಕು. ಮನೆಗೆಂದು ಐದು ಕೊಳ್ಳುವವರು ಬಸದಿಯ ಶ್ರುತಭಂಡಾರಕ್ಕೆಂದು ಒಂದನ್ನೂ, ಪಾಠಶಾಲೆಯ ಮಕ್ಕಳಿಗೆಂದು ಒಂದನ್ನೂ ಕೊಂಡರೆ ಪ್ರಕಾಶಕನಿಗೆ ನಷ್ಟವಾದರೂ ಅಲ್ಪ; ಊರಿನ ಇಪ್ಪತ್ತು ಮನೆಗಳಿಗೆ ಲಾಭ. ಸ್ಮರಣಾರ್ಥ ಹಂಚುವ ಪುಸ್ತಕಗಳ ವಿಷಯದಲ್ಲಿ ಮಾತ್ರ ಕಠಿನವಾಗಿ ಹೇಳಬೇಕಾಗಿದೆ. ಹೊದಿಕೆಯ ಮೇಲೆ ದಿವಂಗತರ ಭಾವಚಿತ್ರ, ಒಳಗೆ ಈಗಾಗಲೇ ಎಲ್ಲರ ಮನೆಯಲ್ಲಿರುವ ನಿತ್ಯಪೂಜೆಯ ಅದೇ ಪಾಠ, ಊಟಕ್ಕೆ ಬಂದವರ ಕೈಗೆಲ್ಲ ಒಂದೊಂದು! ಇದು ಶಾಸ್ತ್ರದಾನದ ಹೆಸರಿನಲ್ಲಿ ಪರರ ಮನೆಗೆ ಪರಿಗ್ರಹವನ್ನು ಸಾಗಿಸುವುದಾಗಿದೆ. ಅದೇ ಹಣದಲ್ಲಿ ಮುದ್ರಣ ನಿಂತುಹೋದ ಒಂದು ಒಳ್ಳೆಯ ಗ್ರಂಥವನ್ನು ಅಚ್ಚು ಹಾಕಿಸಿ, ಕೇಳಿದವರಿಗೆ ಮಾತ್ರ ಕೊಟ್ಟರೆ ದಿವಂಗತರ ಹೆಸರು ಹೆಚ್ಚು ಕಾಲ ಉಳಿದೀತು.

ಈಗ ಆಚರಣೆಯ ಮಾತು. ಪರಿಮಾಣವೆಂದರೆ ಅಳತೆ, ಎಣಿಸದೆ ಅಳತೆಯಿಲ್ಲ. ಜ್ಯೇಷ್ಠ ಶುಕ್ಲ ಪಂಚಮಿಯಾದ ಶ್ರುತಪಂಚಮಿಯಂದು ನಾವು ಶಾಸ್ತ್ರಗಳನ್ನು ಹೊರತೆಗೆದು, ಧೂಳು ಕೊಡವಿ, ಹೊಸ ವಸ್ತ್ರವನ್ನು ಸುತ್ತಿ ಪೂಜಿಸುತ್ತೇವೆ. ಆ ದಿನ ಇದರ ಜೊತೆಗೆ ಮನೆಯಲ್ಲಿರುವ ಎಲ್ಲ ಪುಸ್ತಕಗಳನ್ನೂ ಒಂದು ನೋಟುಪುಸ್ತಕದಲ್ಲಿ ಬರೆದು, ಓದಿದ್ದಕ್ಕೂ ಓದದೆ ಇರುವುದಕ್ಕೂ ಬೇರೆ ಬೇರೆ ಗುರುತು ಹಾಕಬೇಕು. ಈ ಕೆಲಸದಲ್ಲಿ ಅಹಿಂಸೆಯ ದೃಷ್ಟಿಯೂ ಅಡಗಿದೆ. ವರ್ಷಗಟ್ಟಲೆ ಮುಟ್ಟದ ಕಪಾಟಿನಲ್ಲಿ ಹುಳು, ಗೆದ್ದಲುಗಳು ಸೇರುತ್ತವೆ; ಮುಂದೊಂದು ದಿನ ಅದನ್ನು ಶುಚಿಗೊಳಿಸುವಾಗ ಜೀವಹಾನಿ ತಪ್ಪುವುದಿಲ್ಲ. ದಿನವೂ ಕೈಯಾಡುವ ಹತ್ತು ಪುಸ್ತಕಗಳಲ್ಲಿ ಆ ದೋಷಕ್ಕೆ ಎಡೆಯಿಲ್ಲ.

ಎಣಿಸಿದ ಮೇಲೆ ನಿಯಮ. ಆಜೀವಪರ್ಯಂತ ಕೈಗೊಂಡುದು ಯಮ, ಕಾಲದ ಮಿತಿಯಿಟ್ಟುಕೊಂಡುದು ನಿಯಮ ಎಂದು ಸಮಂತಭದ್ರರು ಹೇಳಿ, ಒಂದು ಹಗಲು, ಒಂದು ರಾತ್ರಿ, ಪಕ್ಷ, ಮಾಸ, ಋತು, ಅಯನ ಎಂದು ಆ ಕಾಲವನ್ನು ಹಿಗ್ಗಿಸುತ್ತ ಹೋಗಿದ್ದಾರೆ. ‘ಇನ್ನೆಂದೂ ಪುಸ್ತಕ ಕೊಳ್ಳೆನು’ ಎಂದು ಆವೇಶದಲ್ಲಿ ಯಮವನ್ನು ಕೈಗೊಳ್ಳುವುದು ಸಲ್ಲದು. ಮುರಿಯುವ ವ್ರತಕ್ಕಿಂತ ಸಾಗುವ ನಿಯಮ ಲೇಸು. ಶ್ರುತಪಂಚಮಿಯಿಂದ ಕಾರ್ತಿಕ ಶುಕ್ಲ ಪಂಚಮಿಯವರೆಗೆ ಮನೆಗೆ ಹೊಸ ಪುಸ್ತಕವನ್ನು ತರುವುದಿಲ್ಲ, ಮನೆಯಲ್ಲಿರುವುದನ್ನು ಓದದೆ ಮಲಗುವುದಿಲ್ಲ ಎಂದು ಜಿನಬಿಂಬದ ಮುಂದೆ ಸಂಕಲ್ಪಿಸಿದರೆ ಸಾಕು. ಸುಮಾರು ಐದು ತಿಂಗಳು. ರತ್ನಕರಂಡಕದಲ್ಲಿ 150 ಶ್ಲೋಕಗಳಿವೆ. ದಿನಕ್ಕೊಂದರಂತೆ ಅರ್ಥಸಹಿತ ಓದಿದರೆ ನಿಯಮ ಮುಗಿಯುವ ಹೊತ್ತಿಗೆ ಗ್ರಂಥವೂ ಹೆಚ್ಚುಕಡಮೆ ಮುಗಿಯುತ್ತದೆ. ನಡುವೆ ಅಧಿಕಮಾಸ ಬಂದರೆ ಇನ್ನೊಂದು ತಿಂಗಳು ಪುನರಾವೃತ್ತಿಗೆ ಸಿಕ್ಕಿತೆಂದು ತಿಳಿಯಬೇಕು! ಚಾತುರ್ಮಾಸದಲ್ಲಿ ಮಾತ್ರ ನಿಯಮವನ್ನಿಡುವವರಿಗೆ ತತ್ತ್ವಾರ್ಥಸೂತ್ರ ಸರಿಹೊಂದುತ್ತದೆ. ಅದರ ಹತ್ತು ಅಧ್ಯಾಯಗಳಲ್ಲಿ ನಮ್ಮ ಪಾಠದಂತೆ 357 ಸೂತ್ರಗಳಿವೆ. ದಿನಕ್ಕೆ ಮೂರರಂತೆ 119 ದಿನಗಳು. ದಶಲಕ್ಷಣಪರ್ವದ ಹತ್ತು ದಿನಗಳಲ್ಲಿ ದಿನಕ್ಕೊಂದು ಅಧ್ಯಾಯದಂತೆ ಕೇಳುವ ರೂಢಿ ಹೇಗೂ ಇದೆ. ಆದರೆ ಕೇಳಿದ್ದು ನಿಲ್ಲಲು ಈ ನಿಧಾನದ ಓದು ಬೇಕು. ಮಕ್ಕಳಿರುವ ಮನೆಗಳಲ್ಲಿ ವಡ್ಡಾರಾಧನೆಯ 19 ಕತೆಗಳನ್ನು ಸರಳಗನ್ನಡದಲ್ಲಿ ಸಂಜೆಗೊಂದರಂತೆ ಓದಿಸಬಹುದು. ಸೂರ್ಯಾಸ್ತಕ್ಕೆ ಮೊದಲೇ ಊಟ ಮುಗಿಸುವ ನಮ್ಮ ಮನೆಗಳಲ್ಲಿ ಸಂಜೆಯ ಹೊತ್ತು ಇತರರಿಗಿಂತ ದೊಡ್ಡದು. ಅದನ್ನು ದೂರದರ್ಶನವೂ ಮೊಬೈಲೂ ನುಂಗುತ್ತಿರುವುದು ಬೇರೆಯ ಮಾತು.

ಹೊಸದಿಲ್ಲದೆ ಓದು ನೀರಸವಾಗುವುದಿಲ್ಲವೆ? ಸ್ವಾಧ್ಯಾಯದ ಐದು ಭೇದಗಳಾದ ವಾಚನೆ, ಪೃಚ್ಛನೆ, ಅನುಪ್ರೇಕ್ಷೆ, ಆಮ್ನಾಯ, ಧರ್ಮೋಪದೇಶಗಳನ್ನು ನೆನೆದರೆ ಉತ್ತರ ದೊರೆಯುತ್ತದೆ. ಇವುಗಳಲ್ಲಿ ಪುಸ್ತಕವು ಎದುರಿಗೆ ಇರಲೇಬೇಕಾದುದು ವಾಚನೆಗೆ ಮಾತ್ರ. ಕೇಳಿ ಸಂಶಯ ಪರಿಹರಿಸಿಕೊಳ್ಳುವುದಕ್ಕೆ ತಿಳಿದವರು ಬೇಕು. ತಿಳಿದುದನ್ನು ಮನಸ್ಸಿನಲ್ಲಿ ಹೊರಳಿಸುವುದಕ್ಕೆ ಏಕಾಂತ ಬೇಕು. ಶುದ್ಧವಾಗಿ ಉಚ್ಚರಿಸಿ ಮತ್ತೆ ಮತ್ತೆ ಹೇಳುವುದಕ್ಕೆ ನಾಲಗೆ ಬೇಕು. ಹೊಸ ಪುಸ್ತಕ ಬೇಕೆನಿಸುವುದು ಬಹುಮಟ್ಟಿಗೆ ಉಳಿದ ನಾಲ್ಕನ್ನು ನಾವು ಬಿಟ್ಟಿರುವುದರಿಂದಲೇ. ಅತ್ತೆ ಕೇಳುತ್ತ ಸೊಸೆ ಓದುವ, ನಡುನಡುವೆ ಅತ್ತೆಯೇ ಅರ್ಥ ಹೇಳುವ ಮನೆಯಲ್ಲಿ ಒಂದು ಜೀರ್ಣವಾದ ಪುರಾಣದ ಪ್ರತಿ ಮೂರು ಮಳೆಗಾಲಕ್ಕೂ ಸಾಕಾಗುತ್ತದೆ.

ನಿಯಮದಲ್ಲಿ ನುಸುಳುವ ದೋಷಗಳ ಮೇಲೆ ಕಣ್ಣಿಡಬೇಕು. ದೇಶವ್ರತದ ಅತಿಚಾರಗಳಲ್ಲಿ ಮೊದಲನೆಯದು ಆನಯನ: ತಾನು ಎಲ್ಲೆ ದಾಟದೆ ಆಚೆಯ ವಸ್ತುವನ್ನು ಇತರರಿಂದ ತರಿಸಿಕೊಳ್ಳುವುದು. ‘ನಾನು ಕೊಳ್ಳುವುದಿಲ್ಲ, ಹುಬ್ಬಳ್ಳಿಯಿಂದ ಬರುವಾಗ ಭಾವನವರು ತಂದರೆ ಬೇಡವೆನ್ನಲಾಗುತ್ತದೆಯೇ’ ಎನ್ನುವವರು ಇದನ್ನು ಓದಿಕೊಳ್ಳಬೇಕು. ಮೊಬೈಲಿನಲ್ಲಿ ಇಳಿಸಿಕೊಂಡ ಗ್ರಂಥಗಳಿಗೆ ಬೆಲೆಯೂ ಇಲ್ಲ, ಜಾಗವೂ ಬೇಡ, ಆದ್ದರಿಂದ ದೋಷವಿಲ್ಲವೆಂದು ಯುವಕರು ವಾದಿಸುತ್ತಾರೆ. ಮೂರ್ಛೆಯು ಅಡಿಯಲ್ಲಾಗಲಿ ಕಿಲೋದಲ್ಲಾಗಲಿ ಅಳೆಯುವ ವಸ್ತುವಲ್ಲ. ತೆರೆಯದ ನಾನೂರು ಗ್ರಂಥಗಳು ಕಪಾಟಿನಲ್ಲಿದ್ದರೂ ಫೋನಿನಲ್ಲಿದ್ದರೂ ಒಂದೇ. ಆದರೆ ನಿಯಮದ ಗ್ರಂಥವನ್ನು ಪ್ರಯಾಣದಲ್ಲಿ ಅದರಲ್ಲಿ ಓದುವುದಕ್ಕೆ ಅಡ್ಡಿಯೇನೂ ಕಾಣುವುದಿಲ್ಲ.

ಆರು ಅಂತರಂಗತಪಗಳ ಕ್ರಮದಲ್ಲಿ ಸ್ವಾಧ್ಯಾಯದ ಮರುಸ್ಥಾನವೇ ವ್ಯುತ್ಸರ್ಗ, ಎಂದರೆ ಬಾಹ್ಯ ಮತ್ತು ಅಭ್ಯಂತರ ಉಪಧಿಗಳ ತ್ಯಾಗ. ನಿಯಮ ಮುಗಿದ ದಿನ ಓದಿ ಮುಗಿಸಿದವುಗಳಲ್ಲಿ ಮತ್ತೆ ಓದುವ ಆಸೆಯಿಲ್ಲದವನ್ನೂ, ಎರಡೆರಡು ಪ್ರತಿಗಳಿರುವವನ್ನೂ ಹೊರಗೆ ಕಳುಹಿಸಬೇಕು. ಜಿನವಾಣಿಯನ್ನು ರದ್ದಿಗೆ ಹಾಕುವುದು ಅವಿನಯವೆಂಬ ಭಯದಿಂದಲೇ ಎಷ್ಟೋ ಮನೆಗಳಲ್ಲಿ ಅವು ಅಟ್ಟದ ಮೇಲೆ ಕೊಳೆಯುತ್ತವೆ, ಅದೂ ಅವಿನಯವೇ. ಬಸದಿಯ ಭಂಡಾರಕ್ಕೆ ಕೊಡುವ ಮೊದಲು ಅಲ್ಲಿ ಅದೇ ಪುಸ್ತಕ ಇದೆಯೇ ಎಂದು ಕೇಳಿ ನೋಡಬೇಕು, ಇಲ್ಲದಿದ್ದರೆ ನಮ್ಮ ಅಟ್ಟದ ರಾಶಿ ದೇವರ ಅಟ್ಟಕ್ಕೆ ಏರುತ್ತದೆ, ಅಷ್ಟೇ. ಕೊಟ್ಟ ಪುಸ್ತಕದ ಮೊದಲ ಹಾಳೆಯಲ್ಲಿ ದಾನಿಯ ಹೆಸರಿನ ಬದಲು ಓದಿ ಮುಗಿಸಿದ ತಿಥಿಯನ್ನು ಬರೆದು, ಅದರ ಕೆಳಗೆ ಮುಂದೆ ಓದುವವರು ತಮ್ಮ ತಿಥಿಯನ್ನು ಬರೆಯಲು ಸ್ಥಳವನ್ನು ಬಿಟ್ಟಿರಬೇಕು.