ಡೆಂಗ್ಯೂ ಜ್ವರ: ಅರಿವು ಮತ್ತು ತಡೆ

1996ರಲ್ಲಿ ದೆಹಲಿ ಮಹಾನಗರದಲ್ಲಿ ಡೆಂಗ್ಯೂ ಜ್ವರವು ಸಾಂಕ್ರಾಮಿಕವಾಗಿ ಹಬ್ಬಿತು. 10,000ಕ್ಕೂ ಹೆಚ್ಚು ಜನರು ರೋಗಕ್ಕೆ ತುತ್ತಾದರು. 400ಕ್ಕೂ ಹೆಚ್ಚು ಮಂದಿ ಮೃತಪಟ್ಟರು. ಆ ಬಳಿಕ ಈ ಜ್ವರವು ದೇಶದ ಬಹುತೇಕ ರಾಜ್ಯಗಳಲ್ಲಿ ಕಾಣಿಸಿಕೊಂಡಿದೆ. ಇದನ್ನು ಹರಡುವ ಸೊಳ್ಳೆಯು ಬೆಳೆಯುವುದು ಬಹುಮಟ್ಟಿಗೆ ಮನೆಯ ಒಳಗೆ ಮತ್ತು ಸುತ್ತಮುತ್ತ. ಆದುದರಿಂದ ತಡೆಯ ಕಾರ್ಯವೂ ಮನೆಯಿಂದಲೇ ಆರಂಭವಾಗಬೇಕು.

ರೋಗ ಹರಡುವ ಬಗೆ

ಡೆಂಗ್ಯೂ ಜ್ವರಕ್ಕೆ ವೈರಾಣು ಕಾರಣ. ಈ ವೈರಾಣುವಿನಲ್ಲಿ 4 ಬಗೆಗಳಿವೆ. ಒಂದು ಬಗೆಯ ಸೋಂಕಿನಿಂದ ಗುಣವಾದವರಿಗೆ ಉಳಿದ ಬಗೆಗಳಿಂದ ಶಾಶ್ವತ ರಕ್ಷಣೆ ದೊರೆಯುವುದಿಲ್ಲ. ಎರಡನೆಯ ಬಾರಿ ಬೇರೊಂದು ಬಗೆಯ ಸೋಂಕು ತಗುಲಿದರೆ ರೋಗವು ಉಗ್ರರೂಪ ತಾಳುವ ಸಂಭವ ಹೆಚ್ಚು.

ರೋಗಿಯನ್ನು ಮುಟ್ಟುವುದರಿಂದಾಗಲಿ, ಜೊತೆಯಲ್ಲಿ ಊಟ ಮಾಡುವುದರಿಂದಾಗಲಿ ಈ ಜ್ವರ ಹರಡುವುದಿಲ್ಲ. ರೋಗಿಯ ರಕ್ತ ಹೀರಿದ ಹೆಣ್ಣು ಈಡಿಸ್ ಸೊಳ್ಳೆಯು ಮುಂದೆ ಇತರರನ್ನು ಕಚ್ಚಿದಾಗ ವೈರಾಣು ಅವರ ದೇಹವನ್ನು ಸೇರುತ್ತದೆ. ಕಪ್ಪು ಮೈಮೇಲೆ ಬಿಳಿ ಪಟ್ಟೆಗಳಿರುವ ಈ ಸೊಳ್ಳೆ ಕಚ್ಚುವುದು ಹೆಚ್ಚಾಗಿ ಹಗಲಿನಲ್ಲಿ. ಆದುದರಿಂದ ರಾತ್ರಿಯ ಸೊಳ್ಳೆಪರದೆಯೊಂದೇ ಸಾಲದು. ಹಗಲು ಮಲಗುವ ಮಕ್ಕಳಿಗೂ ರೋಗಿಗಳಿಗೂ ಪರದೆ ಬೇಕು.

ಲಕ್ಷಣಗಳು

ಸೊಳ್ಳೆ ಕಚ್ಚಿದ 4ರಿಂದ 10 ದಿನಗಳಲ್ಲಿ ಇದ್ದಕ್ಕಿದ್ದಂತೆ ತೀವ್ರ ಜ್ವರ ಬರುತ್ತದೆ. ತಲೆನೋವು, ಕಣ್ಣುಗಳ ಹಿಂಭಾಗದಲ್ಲಿ ನೋವು, ಮೈಕೈ ಹಾಗೂ ಕೀಲುಗಳಲ್ಲಿ ನೋವು, ವಾಕರಿಕೆ ಮತ್ತು ಮೈಮೇಲೆ ಕೆಂಪು ಗುಳ್ಳೆಗಳು ಕಾಣಿಸಿಕೊಳ್ಳಬಹುದು. ರಕ್ತ ಪರೀಕ್ಷೆಯಿಂದ ರೋಗವನ್ನು ಖಚಿತಪಡಿಸಿಕೊಳ್ಳಬಹುದು.

ಜ್ವರ ಇಳಿದಾಗಲೇ ಎಚ್ಚರ

ಸಾಮಾನ್ಯವಾಗಿ 3ರಿಂದ 7ನೆಯ ದಿನದೊಳಗೆ ಜ್ವರ ಇಳಿಯುತ್ತದೆ. ರೋಗ ವಾಸಿಯಾಯಿತೆಂದು ಮನೆಯವರು ನಿಶ್ಚಿಂತರಾಗುವುದು ಆಗಲೇ. ಆದರೆ ಉಗ್ರ ಸ್ವರೂಪದ ಡೆಂಗ್ಯೂವಿನಲ್ಲಿ ಅಪಾಯ ತಲೆದೋರುವುದೂ ಇದೇ ಸಮಯದಲ್ಲಿ. ಸೂಕ್ಷ್ಮ ರಕ್ತನಾಳಗಳಿಂದ ದ್ರವವು ಹೊರಕ್ಕೆ ಸೋರಿ ರಕ್ತದೊತ್ತಡ ಕುಸಿಯಬಹುದು. ತೀವ್ರ ಹೊಟ್ಟೆನೋವು, ಪದೇ ಪದೇ ವಾಂತಿ, ಮೂಗು ಅಥವಾ ವಸಡಿನಿಂದ ರಕ್ತಸ್ರಾವ, ಕಪ್ಪು ಬಣ್ಣದ ಮಲ, ಉಸಿರಾಟದ ತೊಂದರೆ, ಕೈಕಾಲು ತಣ್ಣಗಾಗುವುದು, ಅತಿಯಾದ ನಿಶ್ಶಕ್ತಿ ಅಥವಾ ಚಡಪಡಿಕೆ ಇವುಗಳಲ್ಲಿ ಯಾವುದೊಂದು ಕಂಡುಬಂದರೂ ತಡಮಾಡದೆ ರೋಗಿಯನ್ನು ಆಸ್ಪತ್ರೆಗೆ ಸೇರಿಸಬೇಕು.

ಆರೈಕೆ

ಈ ವೈರಾಣುವನ್ನು ಕೊಲ್ಲುವ ನಿರ್ದಿಷ್ಟ ಔಷಧವಿಲ್ಲ. ಆದರೆ ಸಕಾಲದಲ್ಲಿ ಸರಿಯಾದ ಆರೈಕೆ ದೊರೆತರೆ ಬಹುತೇಕ ರೋಗಿಗಳು ಗುಣಮುಖರಾಗುತ್ತಾರೆ. ರೋಗಿಗೆ ವಿಶ್ರಾಂತಿ ಅಗತ್ಯ. ಗಂಜಿ, ಎಳನೀರು, ಜೀವಜಲ ಮುಂತಾದ ದ್ರವಾಹಾರವನ್ನು ಆಗಾಗ ಕೊಡುತ್ತಿರಬೇಕು. ಜ್ವರಕ್ಕೆ ವೈದ್ಯರು ಹೇಳಿದ ಪ್ರಮಾಣದಲ್ಲಿ ಪ್ಯಾರಾಸಿಟಮಾಲ್ ಮಾತ್ರ ಕೊಡಬೇಕು. ಆಸ್ಪಿರಿನ್ ಮತ್ತು ಐಬುಪ್ರೊಫೆನ್ ರಕ್ತಸ್ರಾವವನ್ನು ಹೆಚ್ಚಿಸಬಹುದಾದ್ದರಿಂದ ಅವುಗಳನ್ನು ಕೊಡಲೇಬಾರದು.

ತಡೆಗಟ್ಟುವ ಕ್ರಮಗಳು

ಈಡಿಸ್ ಸೊಳ್ಳೆಯು ನಿಂತ ತಿಳಿನೀರಿನಲ್ಲಿ, ಪಾತ್ರೆಯ ಒಳಬದಿಗೆ ಅಂಟುವಂತೆ ಮೊಟ್ಟೆಯಿಡುತ್ತದೆ. ಈ ಮೊಟ್ಟೆಗಳು ನೀರಿಲ್ಲದೆಯೂ ತಿಂಗಳುಗಟ್ಟಲೆ ಉಳಿದು, ಮತ್ತೆ ನೀರು ತುಂಬಿದಾಗ ಒಡೆದು ಮರಿಯಾಗಬಲ್ಲವು. ನೀರನ್ನು ಚೆಲ್ಲಿದರಷ್ಟೇ ಸಾಲದು. ಪಾತ್ರೆಯನ್ನು ಉಜ್ಜಿ ತೊಳೆಯಬೇಕು. ಮೊಟ್ಟೆಯು ಸೊಳ್ಳೆಯಾಗಲು ಸುಮಾರು 7ರಿಂದ 10 ದಿನಗಳು ಹಿಡಿಯುವುದರಿಂದ ವಾರಕ್ಕೊಮ್ಮೆ ಈ ಕೆಲಸ ತಪ್ಪಬಾರದು.

1. ನಲ್ಲಿಯ ನೀರು ಕೆಲವೇ ಗಂಟೆ ಬರುವ ಬಡಾವಣೆಗಳಲ್ಲಿ ನೀರು ತುಂಬಿಡುವ ಡ್ರಮ್ಮು, ಕೊಡ, ತೊಟ್ಟಿಗಳನ್ನು ಭದ್ರವಾಗಿ ಮುಚ್ಚಿಡಬೇಕು.
2. ಬೇಸಿಗೆಯಲ್ಲಿ ಬಳಸುವ ಕೂಲರ್‌ಗಳನ್ನು ವಾರಕ್ಕೊಮ್ಮೆ ಬರಿದುಮಾಡಿ, ಉಜ್ಜಿ, ಒಣಗಿಸಬೇಕು.
3. ಹೂಕುಂಡದ ತಟ್ಟೆ, ಫ್ರಿಜ್ಜಿನ ಹಿಂಬದಿಯ ತಟ್ಟೆಗಳನ್ನು ಪರಿಶೀಲಿಸಬೇಕು.
4. ಹಳೆಯ ಟೈರು, ಒಡೆದ ಮಡಕೆ, ತೆಂಗಿನ ಚಿಪ್ಪುಗಳಲ್ಲಿ ಮಳೆನೀರು ನಿಲ್ಲದಂತೆ ನೋಡಿಕೊಳ್ಳಬೇಕು.
5. ಮೈತುಂಬ ಬಟ್ಟೆ ಧರಿಸಬೇಕು. ಕಿಟಕಿಗಳಿಗೆ ಜಾಲರಿ ಹಾಕಿಸಬೇಕು.

ಹೊಗೆ ಸಿಂಪಡಣೆಯು ಹಾರುವ ಸೊಳ್ಳೆಗಳನ್ನಷ್ಟೇ ಕೊಲ್ಲುತ್ತದೆ. ನೀರಿನಲ್ಲಿರುವ ಮರಿಗಳು ಉಳಿದುಕೊಳ್ಳುತ್ತವೆ. ಒಂದು ಮನೆಯ ಡ್ರಮ್ಮಿನಲ್ಲಿ ಹುಟ್ಟಿದ ಸೊಳ್ಳೆಯು ನೆರೆಮನೆಯ ಮಗುವನ್ನೂ ಕಚ್ಚಬಲ್ಲದು. ಆದುದರಿಂದ ಇಡೀ ಕಟ್ಟಡದ, ಇಡೀ ಬೀದಿಯ ನಿವಾಸಿಗಳು ವಾರದಲ್ಲಿ ಒಂದು ದಿನವನ್ನು ಗೊತ್ತುಮಾಡಿಕೊಂಡು ಈ ಕಾರ್ಯದಲ್ಲಿ ಕೈಗೂಡಿಸಿದರೆ ಡೆಂಗ್ಯೂ ಜ್ವರವನ್ನು ದೂರವಿಡಲು ಸಾಧ್ಯ.