ಟಿಕೆಟ್ ದರ ಮೆಜೆಸ್ಟಿಕ್‌ನಿಂದ, ಖರ್ಚು ಆನೇಕಲ್‌ನಿಂದ

ಒಂದು ದಿನದ ಪ್ಯಾಕೇಜ್ ಟೂರ್‌ನ ಜಾಹೀರಾತು ಯಾವುದನ್ನೇ ನೋಡಿ, ಬಸ್ಸು ಹೊರಡುವುದು ಬೆಳಿಗ್ಗೆ ಆರು, ಆರೂವರೆಗೆ, ಬೆಂಗಳೂರಿನ ನಡುಮಧ್ಯದಿಂದ. ಆನೇಕಲ್‌ನಲ್ಲಿರುವ ನಮಗೆ ಮೆಜೆಸ್ಟಿಕ್ ಮುಟ್ಟುವುದೇ 35 ಕಿ.ಮೀ. ಆಸುಪಾಸಿನ ಪ್ರಯಾಣ. 2025ರ ಆಗಸ್ಟ್‌ನಲ್ಲಿ ಬೊಮ್ಮಸಂದ್ರದವರೆಗೆ ಹಳದಿ ಮಾರ್ಗದ ಮೆಟ್ರೊ ಬಂತು, ನಿಜ. ಆದರೆ ಭಾನುವಾರದ ಮೊದಲ ರೈಲು ಹಿಡಿದು ಹೋಗುವಷ್ಟರಲ್ಲಿ ಟೂರ್ ಬಸ್ಸು ಊರು ದಾಟಿರುತ್ತದೆ. ಉಳಿಯುವುದು ನಸುಕಿನ ಕ್ಯಾಬ್. ರಾತ್ರಿ ವಾಪಸ್ ಬರಲು ಇನ್ನೊಂದು.

ಮಳೆಗಾಲ ಬಂದರೆ ನಮ್ಮ ಮನೆಯಲ್ಲಿ ಸೋಮನಾಥಪುರ, ತಲಕಾಡು, ಗಗನಚುಕ್ಕಿ, ಭರಚುಕ್ಕಿಯ ಮಾತು ಏಳುತ್ತದೆ. ಕೆಎಸ್‌ಆರ್‌ಟಿಸಿ ವಾರಾಂತ್ಯಗಳಲ್ಲಿ ಓಡಿಸುತ್ತಾ ಬಂದಿರುವ ಪ್ಯಾಕೇಜ್ ಅದು. ಖಾಸಗಿಯವರೂ ಅದೇ ದಾರಿಯಲ್ಲಿ ಕರೆದೊಯ್ಯುತ್ತಾರೆ. ನಾಲ್ವರ ಮನೆಗೆ ನಾನು ಹಾಕುವ ಅಂದಾಜು ಹೀಗಿರುತ್ತದೆ. ತಲೆಗೆ ₹600ರಂತೆ ಟಿಕೆಟ್ ₹2,400 ಎಂದಿಟ್ಟುಕೊಳ್ಳಿ. ಎರಡು ಹೊತ್ತಿನ ಕ್ಯಾಬ್ ₹2,000. ತಿಂಡಿ, ಊಟ, ಕಾಫಿ ₹1,200. ಪ್ರವೇಶ ಶುಲ್ಕ, ತೆಪ್ಪ, ಎಳನೀರು ₹400. ಒಟ್ಟು ₹6,000. ಜಾಹೀರಾತಿನಲ್ಲಿ ದಪ್ಪಕ್ಷರದಲ್ಲಿ ಅಚ್ಚಾದ ದರ ಇದರಲ್ಲಿ ನೂರಕ್ಕೆ 40 ಮಾತ್ರ.

ಈ ಮೊತ್ತವನ್ನು ನಾನು ಕಿಲೋಮೀಟರಿನಿಂದಲೂ ಭಾಗಿಸುವುದಿಲ್ಲ, ‘ಸ್ಥಳ’ಗಳ ಸಂಖ್ಯೆಯಿಂದಲೂ ಇಲ್ಲ. ಬಸ್ಸಿನಿಂದ ಇಳಿದು ನೆಲದ ಮೇಲೆ ಕಾಲಿಟ್ಟಿರುವ ಗಂಟೆಗಳಿಂದ ಭಾಗಿಸುತ್ತೇನೆ. ಹದಿನಾಲ್ಕು ಗಂಟೆಯ ಟೂರ್‌ನಲ್ಲಿ ಆ ಲೆಕ್ಕ ಐದು ಗಂಟೆ ದಾಟಿದರೆ ಹೆಚ್ಚು. ಅಂದರೆ ಮನೆಮಂದಿಗೆಲ್ಲ ಸೇರಿ ಗಂಟೆಗೆ ₹1,200. ಇನ್ನೆರಡು ಸ್ಥಳ ಹೆಚ್ಚಿಗೆ ತೋರಿಸುವ ಟೂರ್ ಅಗ್ಗವೆನಿಸಬಹುದು. ನೆಲದ ಗಂಟೆ ಅಲ್ಲಿ ಇನ್ನೂ ಕಡಿಮೆ. ತಲಕಾಡಿನ ಮರಳಲ್ಲಿ ಕಾಲು ಎಳೆದುಕೊಂಡು ಗುಡಿಯಿಂದ ಗುಡಿಗೆ ನಡೆಯಲು ವಯಸ್ಸಾದವರಿಗೆ ಮುಕ್ಕಾಲು ಗಂಟೆ ಎಲ್ಲಿ ಸಾಕು? ನಮ್ಮತ್ತೆ ಒಮ್ಮೆ ಅರ್ಧಕ್ಕೇ ಬೇಲದ ಹಣ್ಣಿನವಳ ಹತ್ತಿರ ಕೂತುಬಿಟ್ಟರು. ‘ದೇವರು ಇಲ್ಲಿಂದಲೂ ಕಾಣ್ತಾನೆ, ನೀವು ಹೋಗ್ಬನ್ನಿ’ ಅಂದರು.

ಖಾಸಗಿ ಟೂರ್‌ಗಳಲ್ಲಿ ಇನ್ನೊಂದು ಗಂಟೆ ಸೋರಿಹೋಗುವುದು ಸೀರೆ ಅಂಗಡಿಯಲ್ಲಿ. ‘ಬರೀ ನೋಡಿ, ತಗೊಳ್ಳಲೇಬೇಕು ಅಂತೇನಿಲ್ಲ’ ಎಂದು ಗೈಡ್ ಇಳಿಸುತ್ತಾರೆ. ರೇಷ್ಮೆ ಮಗ್ಗದ ಸದ್ದು ಕೇಳಿ ಬೆಳೆದ ಆನೇಕಲ್‌ನವರನ್ನು ರೇಷ್ಮೆ ತೋರಿಸಲು ಅಷ್ಟು ದೂರ ಕರೆದೊಯ್ಯುವುದು ತಮಾಷೆಯೇ. ಟಿಕೆಟ್ ದರ ತೀರಾ ಕಡಿಮೆಯಿದ್ದರೆ, ಶಾಪಿಂಗ್ ನಿಲುಗಡೆ ಎಷ್ಟು ಎಂದು ಮೊದಲೇ ಕೇಳುತ್ತೇನೆ. ಊಟ ಸೇರಿದೆಯೇ, ಜಿಎಸ್‌ಟಿ ಸೇರಿದೆಯೇ, ಸೀಟು ಭರ್ತಿಯಾಗದೆ ಟೂರ್ ರದ್ದಾದರೆ ಪೂರ್ತಿ ಹಣ ವಾಪಸ್ ಬರುತ್ತದೆಯೇ ಎಂಬುದನ್ನೂ ಬಾಯಿಮಾತಿಗೆ ಬಿಡದೆ ವಾಟ್ಸ್ಆ್ಯಪ್‌ನಲ್ಲಿ ಬರೆಸಿಕೊಳ್ಳುತ್ತೇನೆ.

ಪ್ಯಾಕೇಜ್ ಎಂಬುದರೊಳಗೆ ಇರುವುದು ಬಸ್ಸು ಮತ್ತು ಗೈಡ್. ಎರಡನ್ನೂ ಬೇರೆ ಮಾಡಿ ನೋಡಿದರೆ ದುಡ್ಡು ಎಲ್ಲಿ ಸುರಿಯಬೇಕೆಂದು ತಿಳಿಯುತ್ತದೆ. ಜಲಪಾತಕ್ಕೆ ಗೈಡ್ ಏಕೆ? ನೀರು ಬೀಳುವುದು ಎಲ್ಲರಿಗೂ ಕಾಣುತ್ತದೆ. ಸೋಮನಾಥಪುರದ ಕೇಶವ ದೇವಾಲಯ ಹಾಗಲ್ಲ. 13ನೇ ಶತಮಾನದ ಈ ಹೊಯ್ಸಳ ಗುಡಿ 2023ರಲ್ಲಿ ಬೇಲೂರು, ಹಳೇಬೀಡಿನ ಜೊತೆ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿತು. ಮೂರ್ತಿಗಳ ಪೀಠದಲ್ಲಿ ಶಿಲ್ಪಿ ಮಲ್ಲಿತಮ್ಮನ ಹೆಸರು ಕೆತ್ತಿರುವುದನ್ನು ಬಲ್ಲವರು ಬೆರಳಿಟ್ಟು ತೋರಿಸಿದರೇ ಕಾಣುವುದು. ಅಲ್ಲಿ ಗೈಡ್‌ಗೆ ಕೊಟ್ಟ ದುಡ್ಡು ನನಗೆ ಎಂದೂ ಹೆಚ್ಚೆನಿಸಿಲ್ಲ. ಅಂದಹಾಗೆ, ಪುರಾತತ್ವ ಇಲಾಖೆಯ ಸ್ಮಾರಕಗಳಿಗೆ 15 ವರ್ಷದೊಳಗಿನ ಮಕ್ಕಳಿಗೆ ಟಿಕೆಟ್ ಇಲ್ಲ. ‘ಎಂಟ್ರಿ ಎಲ್ಲಾ ಸೇರಿ’ ಎಂದು ಮಕ್ಕಳಿಗೂ ದೊಡ್ಡವರಷ್ಟೇ ಹೇಳಿದರೆ ಚೌಕಾಸಿ ಮಾಡಿ.

ಬಸ್ಸಿನ ಭಾಗಕ್ಕೆ ನಮ್ಮ ಕಡೆ ಬೇರೆ ದಾರಿಯೇ ಇದೆ. ನಾವು ಬೆಂಗಳೂರಿಗೆ ಹೋಗಬೇಕಾಗಿಯೇ ಇಲ್ಲ. ಹಾರೋಹಳ್ಳಿ, ಕನಕಪುರ, ಮಳವಳ್ಳಿ ಹಿಡಿದರೆ ಗಗನಚುಕ್ಕಿ, ಭರಚುಕ್ಕಿ ಇರುವ ಶಿವನಸಮುದ್ರ. ಅಕ್ಕಪಕ್ಕದ ಮೂರು ಮನೆಯವರು ಸೇರಿ ಹನ್ನೆರಡು ಸೀಟಿನ ಟೆಂಪೊ ಟ್ರಾವೆಲರ್ (ಟಿಟಿ) ಮಾಡಿದರೆ, ಕಿ.ಮೀ.ಗೆ ₹22ರಂತೆ 300 ಕಿ.ಮೀ.ಗೆ ₹6,600, ಡ್ರೈವರ್ ಬಾಟಾ, ಟೋಲ್, ಪಾರ್ಕಿಂಗ್ ಸೇರಿ ₹7,800 ಎಂದುಕೊಳ್ಳಿ. ತಲೆಗೆ ₹650, ಅದೂ ಮನೆ ಬಾಗಿಲಿನಿಂದ. ಪ್ಯಾಕೇಜಿನಲ್ಲಿ ಟಿಕೆಟ್ಟು, ಕ್ಯಾಬು ಸೇರಿ ₹1,100 ಆಗಿತ್ತು. ಎರಡು ಎಚ್ಚರ: ಮೀಟರ್ ಶುರುವಾಗುವುದು ನಮ್ಮ ಮನೆಯಿಂದಲ್ಲ, ಗಾಡಿಯ ಶೆಡ್‌ನಿಂದ. ಆದ್ದರಿಂದ ಬೆಂಗಳೂರಿನ ಗಾಡಿಗಿಂತ ಚಂದಾಪುರದ್ದೋ ಅತ್ತಿಬೆಲೆಯದ್ದೋ ನಮಗೆ ಅಗ್ಗ. ಹಾಗೆಯೇ ಬಿಳಿ ಬೋರ್ಡ್ ಗಾಡಿಯನ್ನು ಬಾಡಿಗೆಗೆ ಹತ್ತಬೇಡಿ. ಅದು ಕಾನೂನುಬಾಹಿರ, ಅಪಘಾತವಾದರೆ ವಿಮೆಯೂ ತಕರಾರಿಗೆ ಬೀಳುತ್ತದೆ.

ಇಬ್ಬರೇ ಇದ್ದರೆ, ಹನ್ನೆರಡು ಜನರನ್ನು ಒಂದೇ ಭಾನುವಾರಕ್ಕೆ ಒಪ್ಪಿಸುವ ಚಾಕಚಕ್ಯತೆ ಇಲ್ಲದಿದ್ದರೆ, ಪ್ಯಾಕೇಜೇ ವಾಸಿ. ಹಿಂದಿನ ರಾತ್ರಿ ನಗರದ ನೆಂಟರ ಮನೆಯಲ್ಲಿ ಉಳಿದರೆ ಕ್ಯಾಬಿನ ಅರ್ಧ ಖರ್ಚೂ ಉಳಿಯುತ್ತದೆ. ಹೆಂಗಸರೇ ಹೊರಟಾಗ ಲೆಕ್ಕ ಮತ್ತೆ ತಿರುಗುತ್ತದೆ: 2023ರ ಜೂನ್‌ನಿಂದ ‘ಶಕ್ತಿ’ ಯೋಜನೆಯಲ್ಲಿ ರಾಜ್ಯದೊಳಗೆ ಕೆಂಪು ಬಸ್ಸು ಉಚಿತ, ಐಷಾರಾಮಿ ಬಸ್ಸಿಗೆ ಅದು ಅನ್ವಯಿಸದು. ನನ್ನ ಹೆಂಡತಿ, ಅವಳ ಗೆಳತಿಯರು ಮಳವಳ್ಳಿವರೆಗೆ ಕೆಂಪು ಬಸ್ಸಲ್ಲಿ ಹೋಗಿ, ಮುಂದಕ್ಕೆ ಆಟೊ ಮಾಡುತ್ತಾರೆ. ಉಳಿದ ದುಡ್ಡಲ್ಲಿ ಊಟ ಜೋರು.

ಇನ್ನು ಯಾವಾಗ ಬುಕ್ ಮಾಡಬೇಕು ಎಂಬುದು. ತಿಂಗಳ ಮುಂಚಿನ ರಿಯಾಯಿತಿ ಟಿಕೆಟ್ ಜಲಪಾತದ ವಿಷಯದಲ್ಲಿ ಜೂಜು. ಶಿವನಸಮುದ್ರದಲ್ಲಿ 1902ರಿಂದ ವಿದ್ಯುತ್ ಉತ್ಪಾದನೆ ನಡೆದಿದೆ. ಹೊಳೆ ಬಡವಾದಾಗ ಇರುವ ನೀರು ಅತ್ತ ಹರಿಯುತ್ತದೆ, ನೋಡಲು ಹೋದವರಿಗೆ ಬಂಡೆ. ಪತ್ರಿಕೆಯಲ್ಲಿ ಕೆಆರ್‌ಎಸ್, ಕಬಿನಿಯ ಹೊರಹರಿವು ಬರುತ್ತದಲ್ಲ, ಅದನ್ನು ನೋಡಿಯೇ ನಾನು ದುಡ್ಡು ಕಟ್ಟುವುದು. ಕಬಿನಿ ತಿ. ನರಸೀಪುರದಲ್ಲಿ ಕಾವೇರಿಗೆ ಸೇರುವುದರಿಂದ ಎರಡೂ ಮುಖ್ಯ.

ಹೊರಹರಿವು ಇಳಿದ ವಾರ ಹೊಗೇನಕಲ್ ನೋಡಬಹುದು. ಆನೇಕಲ್‌ನಿಂದ ಡೆಂಕಣಿಕೋಟೆ, ಅಂಚೆಟ್ಟಿ ಮೇಲೆ ದಾರಿಯಿದೆ. ಅಲ್ಲಿ ನೀರು ಏರಿದರೆ ತೆಪ್ಪ ನಿಲ್ಲಿಸುತ್ತಾರೆ, ಹಾಗಾಗಿ ಅದೇ ಅಂಕಿಯನ್ನು ತಿರುಗಾಮುರುಗಾ ಓದಬೇಕು. ಗಡಿ ದಾಟುವುದರಿಂದ ಟಿಟಿಯವರು ತಮಿಳುನಾಡಿನ ಪರ್ಮಿಟ್ ಎಂದು ಬೇರೆ ಬಿಲ್ಲು ಹಾಕಬಹುದು. ಅದು ಯಾರ ತಲೆಗೆ ಎಂಬುದನ್ನು ಮುಂಗಡ ಕೊಡುವ ಮುಂಚೆ ಕೇಳಿಕೊಳ್ಳಿ.